ಬಿರುಕಿನೊಳಗಿನ ನೀಲಿ

ಮಹನಾಯ್ ಸಿಟಿ, ಪೆನ್ಸಿಲ್ವೇನಿಯಾ
9 ಸೆಪ್ಟೆಂಬರ್ 2018

ಪ್ರೀತಿಯ ಅಲ್ವಿನ್,

ಫೋನಿನಲ್ಲಿ ನಿನ್ನ ಹತ್ತಿರ ಮಾತಾಡುವುದೂ ಒಂದೇ, ಗೋಡೆಯ ಹತ್ತಿರ ಮಾತಾಡುವುದೂ ಒಂದೇ. ನಲವತ್ತು ವರ್ಷ ಕಿವಿಗೆ ಹತ್ತಿ ಇಡದೆ ಗುಂಡು ಹಾರಿಸಿದವರ ಗತಿ ಇಷ್ಟೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ಕೂತು ಓದು.

ಮೈರನ್ ಹೋಗಿ ಐದು ತಿಂಗಳಾಯಿತು. ಜುಲೈಯಲ್ಲಿ ಹಳ್ಳ ಉಕ್ಕಿ ನಮ್ಮ ನೆಲಮಾಳಿಗೆಗೆ ಸೊಂಟದ ಮಟ್ಟ ನೀರು ನುಗ್ಗಿತು. ಅವನ ಹನ್ನೊಂದು ರಿವಾಲ್ವರ್‌ಗಳು ಮರದ ಪೆಟ್ಟಿಗೆಯಲ್ಲೇ ಮೂರು ದಿನ ನೆನೆದವು. ಈಗ ಅವನ್ನೆಲ್ಲ ಆನ್‌ಲೈನ್ ಹರಾಜಿಗೆ ಹಾಕಬೇಕೆಂದಿದ್ದೇನೆ. ನಮ್ಮ ಊರಿನ ಬಂದೂಕಿನ ಅಂಗಡಿಯ ಡಾರ್ಲಾ ಫೋಟೋ ಹಾಕಿ ಕಳಿಸುವ ಕೆಲಸ ಮಾಡಿಕೊಡುತ್ತಾಳೆ, ಲೈಸೆನ್ಸ್ ಅವಳದೇ. ಆದರೆ ಪ್ರತಿಯೊಂದಕ್ಕೂ "ಸ್ಥಿತಿ" ಎಂಬ ಜಾಗದಲ್ಲಿ ನಾನೇ ಬರೆಯಬೇಕಂತೆ. ಮೊದಲನೆಯದಕ್ಕೆ "ಒಳ್ಳೆಯ ಮನೆಯಲ್ಲಿ ಬೆಳೆದದ್ದು, ಸ್ವಲ್ಪ ತುಕ್ಕು, ಚೆನ್ನಾಗಿದೆ" ಎಂದು ಬರೆದೆ. ಡಾರ್ಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನ್ ವರ್ನಾ, ಗನ್ ಮಾರ್ತಿದ್ದೀಯೋ, ಗಂಡು ತೋರಿಸ್ತಿದ್ದೀಯೋ?" ಎಂದಳು.

ನೀನೂ ಅವನೂ ಹದಿನೆಂಟು ವರ್ಷ ಒಂದೇ ಅಂಗಡಿಯಲ್ಲಿ ಕೂತು ಜಗತ್ತಿನ ಬಂದೂಕುಗಳನ್ನೆಲ್ಲ ರಿಪೇರಿ ಮಾಡಿದವರು. ಮೈರನ್ ನನಗೆ ಒಂದು ಸ್ಕ್ರೂ ಕೂಡ ತೋರಿಸಿಕೊಡಲಿಲ್ಲ. ನೀನಾದರೂ ಹೇಳಿಕೊಡು. ಫೋಟೋಗಳನ್ನು ಔಷಧಿ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಇಟ್ಟಿದ್ದೇನೆ.

ಇನ್ನೊಂದು ಸಂಗತಿ. ಮೇಲಿನ ಹಲಗೆಯ ಮೇಲೆ, ನೀರು ಮುಟ್ಟದ ಜಾಗದಲ್ಲಿ, ಒಂದು ಕಾಫಿ ಡಬ್ಬಿ ಸಿಕ್ಕಿತು. ಒಳಗೆ ತುಂಬಾ ಗ್ರೀಸ್. ಗ್ರೀಸಿನೊಳಗೆ ಆ ಒಡೆದ ರಿವಾಲ್ವರ್, ತುಂಡುಗಳ ಸಮೇತ! ರೇಡಿಯೋದಲ್ಲಿ ಬೇಸ್‌ಬಾಲ್ ಕೇಳುತ್ತ ಒಂದೇ ತೋಟಾಕ್ಕೆ ಎರಡು ಸಲ ಮದ್ದು ಸುರಿದು ಬಲಗಣ್ಣು ಕಳೆದುಕೊಂಡನಲ್ಲ, ಅದೇ. ಒಳ್ಳೆಯವನ್ನು ನೆಲದ ಮೇಲೆ ಇಟ್ಟು ಹಾಳಾದದ್ದನ್ನು ಅಟ್ಟಕ್ಕೇರಿಸಿದ್ದಾನೆ ನನ್ನ ಗಂಡ. ಅದನ್ನೇನು ಮಾಡಲಿ?

ನಿನ್ನ ವರ್ನಾ


ಪಾರ್ಕರ್ ಫೋರ್ಕ್, ಮೊಂಟಾನಾ
20 ಸೆಪ್ಟೆಂಬರ್ 2018

ಪ್ರೀತಿಯ ವರ್ನಾ,

ನಿನ್ನ ಫೋಟೋಗಳನ್ನು ಊಟದ ಮೇಜಿನ ಮೇಲೆ ಹರವಿಕೊಂಡು ಎರಡು ದಿನ ನೋಡಿದೆ. ಇಷ್ಟು ಖುಷಿ ನನಗೆ ಬಹಳ ದಿನದಿಂದ ಆಗಿರಲಿಲ್ಲ. ಈಗ ಹೇಳಿದಷ್ಟು ಮಾಡು, ಜಾಣತನ ತೋರಿಸಬೇಡ.

ಕೈಗೆತ್ತಿಕೊಂಡ ತಕ್ಷಣ ಗುಂಡಿನ ಮನೆಗಳು ಖಾಲಿಯೇ ಎಂದು ನೋಡು. ಒಂದಲ್ಲ, ಆರೂ. ಖಾಲಿ ಎಂದು ಖಾತ್ರಿಯಾದ ಮೇಲೆ ಇನ್ನೊಂದು ಸಲ ನೋಡು. ಆಮೇಲೆ ಹಿಂಬದಿಯಲ್ಲಿ ಗುಂಡಿಗೆ ಬಡಿಯುವ ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆ ಎಳೆ. ಗುಂಡುಗಳಿರುವ ಆ ಸಿಲಿಂಡರು ತಿರುಗಿ ಟಕ್ ಎಂದು ನಿಲ್ಲಬೇಕು. ನಿಂತ ಮೇಲೆ ಬೆರಳಿನಿಂದ ಅಲ್ಲಾಡಿಸು. ಸಡಿಲ ಹಲ್ಲಿನ ಹಾಗೆ ಅಲ್ಲಾಡಿದರೆ ಹಾಗೆಂದೇ ಬರೆ. ನಳಿಗೆಯ ಹಿಂಬದಿಗೆ ಬಿಳಿ ಕಾಗದ ಹಿಡಿದು ಮುಂದಿನಿಂದ ಇಣುಕು. ಒಳಗೆ ಕಪ್ಪು ಉಂಗುರ ಕಂಡರೆ ಅದು ಉಬ್ಬಿದ ನಳಿಗೆ, ಗೋಡೆಗೆ ನೇತುಹಾಕಲು ಮಾತ್ರ ಎಂದು ಬರೆ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾರೋ ಕೆಲಸ ಬರದವನು ಬಿಚ್ಚಿದ್ದಾನೆ ಎಂದರ್ಥ. ನೆನೆದ ಮರದ ಹಿಡಿಗಳನ್ನು ಒಲೆಯ ಹತ್ತಿರ ಒಣಗಿಸಬೇಡ, ಸೀಳುತ್ತವೆ.

ತುಕ್ಕಿಗೆ ಪಾತ್ರೆ ತಿಕ್ಕುವ ಉಕ್ಕಿನ ನಾರು ಮುಟ್ಟಿಸಿದರೆ ನಾನು ಇಲ್ಲಿಂದ ಬಂದು ನಿನ್ನ ಕೈ ಮುರಿಯುತ್ತೇನೆ. ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡು. ಒಂದು ಸೆಂಟಿನ ನಾಣ್ಯದ ಅಂಚಿನಿಂದ ಕೆರೆ. 1982ಕ್ಕಿಂತ ಹಳೆಯ ನಾಣ್ಯವೇ ಆಗಬೇಕು, ಆಮೇಲಿನವು ಒಳಗೆಲ್ಲ ಸತು. ತಾಮ್ರ ತುಕ್ಕನ್ನು ತೆಗೆಯುತ್ತದೆ, ನೀಲಿ ಬಣ್ಣವನ್ನು ಮುಟ್ಟುವುದಿಲ್ಲ.

ಆ ನೀಲಿಯ ವಿಷಯವೇ ಮುಖ್ಯ. ಉಕ್ಕನ್ನು ಕುದಿಯುವ ಉಪ್ಪಿನ ನೀರಿನಲ್ಲಿ ಅದ್ದಿ ಆ ನೀಲಿಗಪ್ಪು ಬಣ್ಣ ಏರಿಸುತ್ತಾರೆ. ಕಾರ್ಖಾನೆಯ ಬಣ್ಣವೋ, ಆಮೇಲೆ ಯಾರೋ ಏರಿಸಿದ್ದೋ ಎಂಬುದನ್ನು ಕೊಳ್ಳುವವರು ಮೊದಲು ಕೇಳುತ್ತಾರೆ. ಭೂತಗನ್ನಡಿ ತೆಗೆದುಕೊಂಡು ಪ್ರತಿ ಗುಳಿಯ ತಳವನ್ನೂ ಗೀರಿನ ತಳವನ್ನೂ ನೋಡು. ತಳದಲ್ಲಿ ನೀಲಿ ಇದ್ದರೆ ಗಾಯ ಮೊದಲು, ಬಣ್ಣ ಆಮೇಲೆ. ತಳ ಕೆಂಪಗೋ ಬಿಳುಪಾಗೋ ಇದ್ದರೆ ಬಣ್ಣ ಮೊದಲು, ಗಾಯ ಆಮೇಲೆ. ಈ ಒಂದು ಮಾತು ಗೊತ್ತಿದ್ದರೆ ಯಾರೂ ನಿನಗೆ ಟೋಪಿ ಹಾಕಲಾರರು.

ಡಬ್ಬಿಯಲ್ಲಿರುವುದು ಗುಜರಿ. ಅದನ್ನು ಬಿಸಾಡು.

ಅಲ್ವಿನ್


ಮಹನಾಯ್ ಸಿಟಿ
6 ಅಕ್ಟೋಬರ್ 2018

ಪ್ರೀತಿಯ ಗುರುಗಳೇ,

ಐದು ಮಾರಾಟವಾದವು! ನನ್ನ ಬೆರಳುಗಳೆಲ್ಲ ಎಣ್ಣೆ, ಅಡುಗೆಮನೆಯ ತುಂಬ ನಿಮ್ಮ ಹಳೆಯ ಅಂಗಡಿಯ ವಾಸನೆ. ಭಾನುವಾರ ಚರ್ಚಿನಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡಳು. "ಏನ್ ವರ್ನಾ, ಟ್ರ್ಯಾಕ್ಟರ್ ಮೇಲೆ ಬಂದ್ಯಾ?" ಎಂದಳು.

ಟೆಕ್ಸಸ್‌ನ ಒಬ್ಬ ಮಹಾಶಯ ನಾಲ್ಕನೆಯದರ ಬಗ್ಗೆ ಬರೆದು ಕೇಳಿದ, ಈ ನೀಲಿ ಕಾರ್ಖಾನೆಯದೇ ಎಂದು. ನಾನು ಭೂತಗನ್ನಡಿ ಹಿಡಿದು ನೋಡಿದೆ. ಗುಳಿಗಳ ತಳದಲ್ಲೆಲ್ಲ ನೀಲಿ. "ಅಲ್ಲ. ತುಕ್ಕು ಹಿಡಿದ ಮೇಲೆ ಯಾರೋ ಬಣ್ಣ ಏರಿಸಿದ್ದಾರೆ" ಎಂದು ಬರೆದೆ. ಅವನು ಬಿಟ್ಟು ಓಡುತ್ತಾನೆ ಎಂದುಕೊಂಡರೆ, ಇಷ್ಟು ನೇರವಾಗಿ ಹೇಳುವವರು ಸಿಗುವುದಿಲ್ಲ ಎಂದು ಅವನೇ ಕೊಂಡ. ಡಾರ್ಲಾ ತನ್ನ ಗಿರಾಕಿಗಳಿಗೆ ನನ್ನನ್ನು "ಇವ್ರು ನಮ್ ಎಕ್ಸ್‌ಪರ್ಟು" ಎಂದು ತೋರಿಸುತ್ತಾಳೆ. ಎಪ್ಪತ್ತೊಂದನೇ ವಯಸ್ಸಿನಲ್ಲಿ ನನಗೊಂದು ಕಸುಬು ಬಂತು ನೋಡು.

ನೀನು ಬಿಸಾಡು ಎಂದದ್ದನ್ನೂ ಅವಳಿಗೆ ತೋರಿಸಿದೆ. "ಅಯ್ಯೋ ಬಿಸಾಕ್ಬೇಡ ಮಾರಾಯ್ತಿ, ಒಡ್ದಿರೋದನ್ನೂ ಜನ ತಗೋತಾರೆ. ಟ್ರಿಗರ್ ಬೇಕಂತಾರೆ, ಹಿಡಿ ಬೇಕಂತಾರೆ" ಎಂದಳು. ಹಾಗಾಗಿ ಅದನ್ನೂ ಹಾಕುತ್ತಿದ್ದೇನೆ. ಸ್ಥಿತಿ ಏನೆಂದು ಬರೆಯುತ್ತೇನೆ ಗೊತ್ತೇ? "ಮಾಲೀಕನ ಅಜಾಗರೂಕತೆಯಿಂದ ಒಡೆದದ್ದು." ಇಪ್ಪತ್ತೆರಡು ವರ್ಷ ಅವನ ಮುಖಕ್ಕೇ ಹೇಳಿದ್ದೇನೆ, ಈಗ ಜಗತ್ತಿಗೇ ಹೇಳುತ್ತೇನೆ. ಅವನು ಇದ್ದಿದ್ದರೆ ನಗುತ್ತಿದ್ದ. ಏನೇ ಹೇಳಿದರೂ ನಗುತ್ತಿದ್ದ, ಅದೇ ನನಗೆ ಇನ್ನೂ ಉರಿಯುವುದು.

ವರ್ನಾ


ಪಾರ್ಕರ್ ಫೋರ್ಕ್
12 ಅಕ್ಟೋಬರ್ 2018

ವರ್ನಾ,

ಅದನ್ನು ಹಾಕಬೇಡ. ಹಾಕಿದ್ದರೆ ಈ ಕಾಗದ ತಲುಪಿದ ದಿನವೇ ತೆಗೆಸು.

ಯಾರಾದರೂ ದಡ್ಡ ಅದಕ್ಕೆ ಬೇರೆ ಸಿಲಿಂಡರು ಜೋಡಿಸಿ ಗುಂಡು ಹಾರಿಸಿದರೆ ಆ ಪಾಪ ನಿನಗೆ ಸುತ್ತಿಕೊಳ್ಳುತ್ತದೆ. ಅದೂ ಅಲ್ಲದೆ ಮೈರನ್ ಸತ್ತು ವರ್ಷ ಕೂಡ ಆಗಿಲ್ಲ. ಅವನ ಒಂದು ತಪ್ಪನ್ನು ಫೋಟೋ ತೆಗೆದು ಊರೂರಿಗೆ ತೋರಿಸಬೇಕೇ? ಅವನಿಗೂ ಒಂದು ಮರ್ಯಾದೆ ಇತ್ತು. ಬಿಸಾಡಲು ಮನಸ್ಸು ಬರದಿದ್ದರೆ ನನಗೆ ಕಳಿಸು. ನಾನು ಗರಗಸದಲ್ಲಿ ಕೊಯ್ದು ಹೂತುಬಿಡುತ್ತೇನೆ.

ಉಳಿದ ಆರರಲ್ಲಿ ಉದ್ದ ನಳಿಗೆಯದನ್ನು ಕೊನೆಗೆ ಮಾರು, ಬೇಟೆಯ ಕಾಲ ಹತ್ತಿರವಾದಾಗ ಕೇಳುವವರು ಹೆಚ್ಚು.

ಅಲ್ವಿನ್


ಮಹನಾಯ್ ಸಿಟಿ
27 ಅಕ್ಟೋಬರ್ 2018

ಪ್ರೀತಿಯ ಅಲ್ವಿನ್,

ನಿನ್ನ ಕಾಗದ ಓದಿ ನನಗೆ ನಾಚಿಕೆಯಾಯಿತು. ಹೆಂಡತಿಯಾದ ನನಗೆ ಇಲ್ಲದ ಮರ್ಯಾದೆ ಗೆಳೆಯನಾದ ನಿನಗೆ ಇದೆಯಲ್ಲ ಎನಿಸಿತು. ಆದರೆ ಅದು ಬರುವ ಹೊತ್ತಿಗೆ ಹರಾಜು ಶುರುವಾಗಿ ನಾಲ್ಕು ದಿನವಾಗಿತ್ತು. ಅಜಾಗರೂಕತೆ ಎಂಬ ಮಾತನ್ನು ಮಾತ್ರ ಅಳಿಸಿದೆ.

ಈಗ ತಮಾಷೆ ಕೇಳು. ಆ ಗುಜರಿಗೆ ಇಬ್ಬರು ಹಟಕ್ಕೆ ಬಿದ್ದು ಕೂಗಿದರು. ಗೆದ್ದವಳು ಜೋಲೀನ್ ಎಂಬಾಕೆ. ಡಾರ್ಲಾ ಅವಳಿಗೆ, "ಒಡ್ದಿದ್ರೂ ಚೌಕಟ್ಟು ಇದೆಯಲ್ಲಮ್ಮ, ಕಾನೂನಿನ ಕಣ್ಣಿಗೆ ಅದಿನ್ನೂ ಗನ್ನೇ. ಮನೆಗೆ ಕಳ್ಸೋ ಹಾಗಿಲ್ಲ. ನಿಮ್ಮೂರಿನ ಲೈಸೆನ್ಸ್ ಅಂಗಡಿ ವಿಳಾಸ ಕೊಡಿ" ಎಂದು ಬರೆದಳಂತೆ. ಎರಡು ದಿನ ಆಕೆಯ ಉತ್ತರವೇ ಇಲ್ಲ. ಮೂರನೆಯ ದಿನ ವಿಳಾಸ ಬಂತು. ಪಾರ್ಕರ್ ಫೋರ್ಕ್, ಮೊಂಟಾನಾ!

ಮುನ್ನೂರು ಮನೆಯ ಊರು ಎಂದು ನೀನೇ ಹೇಳಿದ್ದೆ. ನಿನ್ನ ತಂಗಿಯ ಮಗಳ ಹೆಸರು ಜೋಲೀನ್ ಎಂದು ನನಗೆ ನೆನಪಿಲ್ಲ ಎಂದುಕೊಂಡೆಯಾ? ಹುಚ್ಚಪ್ಪ, ಗೆಳೆಯನ ನೆನಪಿಗೆ ಏನಾದರೂ ಬೇಕಿತ್ತು ಎಂದು ಬಾಯಿ ಬಿಟ್ಟು ಕೇಳಬಾರದೇ? ಕಳ್ಳನ ಹಾಗೆ ಹರಾಜಿನಲ್ಲಿ ಕೂಗುವುದೇ? ನಾನು ಕೂತು ಅತ್ತೆ ಕಣೋ. ಅವನನ್ನು ಇಷ್ಟು ಪ್ರೀತಿಸಿದವರು ಒಬ್ಬರಿದ್ದಾರಲ್ಲ ಎಂದು.

ಹಣ ವಾಪಸ್ ಮಾಡಿಸಿದ್ದೇನೆ. ಇದು ನನ್ನ ಉಡುಗೊರೆ. ಗ್ರೀಸಿನ ಮುದ್ದೆಯನ್ನು ಹಾಗೇ ಕಳಿಸುವುದಿಲ್ಲ. ನಿನ್ನ ಶಿಷ್ಯೆಯ ಕೈಯಲ್ಲಿ ತೊಳೆದು ಹೊಳಪಿಸಿ ಕಳಿಸುತ್ತೇನೆ.

ವರ್ನಾ


ಪಾರ್ಕರ್ ಫೋರ್ಕ್
3 ನವೆಂಬರ್ 2018

ಪ್ರೀತಿಯ ವರ್ನಾ,

ಸಿಕ್ಕಿಬಿದ್ದೆ. ಜೋಲೀನ್ ಹೆಸರಿನಲ್ಲಿ ಕೂಗಿದ್ದು ನಾನೇ. ಅದನ್ನು ಗುಜರಿ ಗುಜರಿ ಎಂದುಕೊಂಡೇ ಇಷ್ಟು ವರ್ಷ ಕಳೆದವನಿಗೆ, ಅದು ಅಂಗಡಿಯ ಮೂಲಕವೇ ಬರಬೇಕು ಎಂಬುದು ಹೊಳೆಯಲೇ ಇಲ್ಲ. ನೀನು ಹೇಳಿದ ಹಾಗೆ, ನೆನಪಿಗೆ ಬೇಕಿತ್ತು. ಕೇಳಲು ಸಂಕೋಚವಾಯಿತು.

ದಯವಿಟ್ಟು ತೊಳೆಯಬೇಡ. ಗ್ರೀಸ್ ಇದ್ದ ಹಾಗೇ ಇರಲಿ. ತೊಳೆದರೆ ದಾರಿಯಲ್ಲಿ ತುಕ್ಕು ಹಿಡಿಯುತ್ತದೆ. ಡಬ್ಬಿಯ ಸಮೇತ ಕಳಿಸು, ಇವತ್ತೇ.

ಅಲ್ವಿನ್


ಮಹನಾಯ್ ಸಿಟಿ
9 ನವೆಂಬರ್ 2018

ಅಲ್ವಿನ್,

ನಿನ್ನ ಕಾಗದ ನಿನ್ನೆ ಬಂತು. ನಾನು ತೊಳೆದದ್ದು ಸೋಮವಾರ.

ಸೀಮೆಎಣ್ಣೆಯಲ್ಲಿ ಅದ್ದಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ಸಿಲಿಂಡರು ಅರ್ಧ ಹಾರಿಹೋಗಿದೆ. ಹಾರಿದ ತುಂಡನ್ನೂ ಮೈರನ್ ಡಬ್ಬಿಯಲ್ಲೇ ಇಟ್ಟಿದ್ದ. ಅಭ್ಯಾಸಬಲದಿಂದ ಭೂತಗನ್ನಡಿ ಹಿಡಿದು ಒಡೆದ ಅಂಚನ್ನು ನೋಡಿದೆ. ಅಂಚು ಎರಡು ಬಣ್ಣವಿದೆ. ಹೆಚ್ಚಿನ ಭಾಗ ಬೂದಿಬಣ್ಣ, ಹರಳು ಹರಳಾಗಿ ಹೊಳೆಯುತ್ತದೆ. ಹೊರಮೈಯ ಕಡೆ, ಸಿಲಿಂಡರನ್ನು ತಡೆದು ನಿಲ್ಲಿಸುವ ಕಚ್ಚಿನ ಕೆಳಗೆ, ಹೆಬ್ಬೆರಳಿನ ಉಗುರಿನಷ್ಟು ಜಾಗ ನೀಲಿ. ಚೆನ್ನಾಗಿ ಏರಿದ ಕಡು ನೀಲಿ. ಅದರ ಮೂಲೆಯಲ್ಲಿ ಒಣಗಿದ ಉಪ್ಪು ಬೆಳ್ಳಗೆ ಕೂತಿದೆ.

ಗಾಯ ಮೊದಲು, ಬಣ್ಣ ಆಮೇಲೆ. ನೀನೇ ಬರೆದದ್ದು.

ನನ್ನ ಕಣ್ಣನ್ನು ನಂಬಲಿಲ್ಲ. ಕೋಟು ಹಾಕಿಕೊಂಡು ಡಾರ್ಲಾಳ ಅಂಗಡಿಗೆ ಹೋದೆ. ಅವಳು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದಳು.

"ವರ್ನಾ, ಇದು ಮದ್ದು ಜಾಸ್ತಿಯಾಗಿ ಒಡ್ದಿದ್ದಲ್ಲ ಕಣೆ. ಮೊದ್ಲೇ ಬಿರುಕು ಬಿಟ್ಟಿತ್ತು. ಬಿರುಕಿದ್ದಾಗ್ಲೇ ಯಾರೋ ಬಣ್ಣ ಹಾಕಿದ್ದಾರೆ" ಎಂದಳು.

"ಹಾಕಿದವ್ರಿಗೆ ಕಾಣಿಸ್ತಿರಲಿಲ್ವಾ?" ಎಂದೆ.

"ಬಣ್ಣಕ್ಕೆ ಮುಂಚೆ ಕನ್ನಡಿ ಥರ ಪಾಲಿಶ್ ಮಾಡ್ಬೇಕು. ಆ ಜಾಗನ ಬೆರಳಲ್ಲಿ ಹಿಡ್ಕೊಂಡೇ ಮಾಡ್ಬೇಕು. ಕಾಣ್ಸಿರುತ್ತೆ."

ಬಣ್ಣದ ತೊಟ್ಟಿ ನಿಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿತ್ತು. ಅದರ ಹೊಗೆಗೆ ಮೈರನ್‌ಗೆ ಕೆಮ್ಮು ಬರುತ್ತಿತ್ತು. ಹದಿನೆಂಟು ವರ್ಷದಲ್ಲಿ ಅವನು ಆ ಕೋಣೆಗೆ ಕಾಲಿಟ್ಟವನಲ್ಲ. ಈ ರಿವಾಲ್ವರನ್ನು ಅವನ ಐವತ್ತನೆಯ ಹುಟ್ಟುಹಬ್ಬಕ್ಕೆ ನೀನೇ ಹೊಸ ಬಣ್ಣ ಹಾಕಿ ಕೊಟ್ಟದ್ದು ನನಗೆ ನೆನಪಿದೆ. ನಾನೇ ಕೇಕ್ ಮಾಡಿದ್ದೆ.

ಒಂದೇ ಒಂದು ಕೇಳುತ್ತೇನೆ. ಆ ಬಿರುಕನ್ನು ನೀನು ನೋಡಿದ್ದೆಯಾ, ಇಲ್ಲವಾ?

ವರ್ನಾ


ಪಾರ್ಕರ್ ಫೋರ್ಕ್
1 ಡಿಸೆಂಬರ್ 2018

ವರ್ನಾ,

ನೋಡಿದ್ದೆ.

ಈ ಒಂದು ಪದ ಬರೆಯಲು ಮೂರು ವಾರ ಬೇಕಾಯಿತು. ಇನ್ನು ಉಳಿದದ್ದನ್ನೂ ಬರೆಯುತ್ತೇನೆ.

ಆ ರಿವಾಲ್ವರ್ ನನಗೆ ಒಂದು ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತ್ತು. ಪಾಲಿಶ್ ಮಾಡುವಾಗ ಆ ಕಚ್ಚಿನ ತಳದಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ಹೊಸ ಸಿಲಿಂಡರು ತರಿಸಬೇಕಿತ್ತು. ತರಿಸಿದರೆ ಹುಟ್ಟುಹಬ್ಬ ಕಳೆದು ಬೇಟೆಯ ಮೊದಲ ದಿನವೂ ಕಳೆದು ಬರುತ್ತಿತ್ತು. ಯಾವುದೋ ಉಪಕರಣ ತಾಗಿದ ಗೀರು ಎಂದುಕೊಂಡೆ. ಅಲ್ಲ, ಹಾಗೆಂದು ನನಗೆ ನಾನೇ ಹೇಳಿಕೊಂಡೆ. ತೊಟ್ಟಿಯಿಂದ ಎತ್ತಿದಾಗ ಗೆರೆ ಕಾಣಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಚಂದದ ಬಣ್ಣ ಇನ್ನೊಂದಕ್ಕೆ ಏರಿಲ್ಲ.

ಹದಿನೈದು ದಿನದಲ್ಲಿ ಅದು ಅವನ ಮುಖದ ಮುಂದೆ ಒಡೆಯಿತು.

ಆಸ್ಪತ್ರೆಯಲ್ಲಿ ಅವನು ತುಂಡುಗಳನ್ನು ತರಲು ಹೇಳಿದ. ನದಿಗೆ ಎಸೆಯಬೇಕು ಎಂದು ಹೊರಟಿದ್ದೆ, ಆದರೆ ಕೊಂಡೊಯ್ದೆ. ನೀನು ಕಾಫಿ ತರಲು ಕೆಳಗೆ ಹೋಗಿದ್ದೆ. ಉಳಿದ ಒಂದು ಕಣ್ಣಿನಿಂದ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅವನಿಗೆ ಎರಡು ನಿಮಿಷವೂ ಬೇಕಾಗಲಿಲ್ಲ.

"ಅಲ್ವಿನ್, ಮದ್ದು ಎರಡು ಸಲ ಬಿತ್ತು ಅಂತ ಹೇಳ್ಬಿಡೋಣ" ಎಂದ. "ಬಣ್ಣ ಹಾಕಿದ್ದು ನೀನು ಅಂತ ಗೊತ್ತಾದ್ರೆ ಅಂಗಡಿ ಬಾಗಿಲಿಗೆ ಒಬ್ಬನೂ ಬರಲ್ಲ. ನಂದೇ ತಪ್ಪು ಅಂದ್ರೆ ಏನಾಗುತ್ತೆ? ವರ್ನಾ ಎರಡು ದಿನ ಬೈತಾಳೆ, ಆಮೇಲೆ ಸುಮ್ನಾಗ್ತಾಳೆ."

ನಾನು ಬೇಡ ಎನ್ನಲಿಲ್ಲ. ಎನ್ನಬೇಕಿತ್ತು. ಎರಡು ವರ್ಷ ಅವನು ಇಲ್ಲದ ಅಂಗಡಿಯಲ್ಲಿ ಕೂತೆ. ಕಣ್ಣು ಹೋಗಿ ಕಸುಬು ಬಿಟ್ಟ ಅವನು ಶಾಲೆಯಲ್ಲಿ ನೆಲ ಒರೆಸುವುದನ್ನು ನೋಡಲಾರದೆ ಅಂಗಡಿ ಮಾರಿ ಇಲ್ಲಿಗೆ ಓಡಿಬಂದೆ.

ನಿನಗೆ ಪಾಠ ಹೇಳುವಾಗ ನೀಲಿಯ ಮಾತು ಬಿಟ್ಟುಬಿಡಬಹುದಿತ್ತು. ಕೆಲಸದ ವಿಷಯ ಕೇಳಿದರೆ ನನಗೆ ಅರ್ಧ ಹೇಳಲು ಬರುವುದಿಲ್ಲ. ಇಲ್ಲಿ ಜನ ನನ್ನನ್ನು ನಂಬಿ ಇನ್ನೂ ಬಂದೂಕು ತಂದು ತೋರಿಸುತ್ತಾರೆ. ಈ ಕಾಗದ ಸುಟ್ಟುಬಿಡು. ಸಾಧ್ಯವಾದರೆ ಕ್ಷಮಿಸು.

ಅಲ್ವಿನ್


ಮಹನಾಯ್ ಸಿಟಿ
27 ಡಿಸೆಂಬರ್ 2018

ಶ್ರೀ ಅಲ್ವಿನ್ ಕೆಸ್ಲರ್ ಅವರಿಗೆ,

ನಿಮ್ಮ ಕಾಗದವನ್ನು ಸುಡಲಿಲ್ಲ. ರಿವಾಲ್ವರನ್ನು ಕಳಿಸುವುದೂ ಇಲ್ಲ. ಪಾರ್ಕರ್ ಫೋರ್ಕ್‌ನ ಅಂಗಡಿಯವರು ಅದು ಏಕೆ ಬರಲಿಲ್ಲ ಎಂದು ಕೇಳಿದ್ದರು. ಕಾರಣವನ್ನು ಪೂರ್ತಿ ಬರೆದು, ಒಡೆದ ಅಂಚಿನ ಫೋಟೋ ಜೊತೆಗಿಟ್ಟು ಕಳಿಸಿದ್ದೇನೆ. ನಿಮ್ಮ ಹತ್ತಿರ ಬಂದೂಕು ತರುವವರಿಗೆ ಅದು ಗೊತ್ತಿರಬೇಕು.

ನಿಮ್ಮ ಮೇಲೆ ಎಷ್ಟು ಸಿಟ್ಟಿದೆಯೋ ಅದಕ್ಕಿಂತ ಹೆಚ್ಚು ನನ್ನ ಗಂಡನ ಮೇಲಿದೆ. ಅವನನ್ನು ಹೊಡೆಯಬೇಕು ಎನಿಸುತ್ತದೆ, ಹೊಡೆಯಲು ಅವನಿಲ್ಲ. ಎರಡು ದಿನವಂತೆ! ಅಷ್ಟು ಹೊತ್ತಿಗೇ ಮೂವತ್ತು ವರ್ಷ ಜೊತೆಗೆ ಮಲಗಿದ್ದವನು ನನ್ನನ್ನು ಕೇಳದೆ ನನ್ನ ಪಾಲಿನದನ್ನೂ ತಾನೇ ತೀರ್ಮಾನ ಮಾಡಿದ. ನೀವಿಬ್ಬರು ಒಂದಾದಿರಿ, ನಾನು ಕಾಫಿ ತರಲು ಹೋಗಿದ್ದೆ. ನಿಜ ಗೊತ್ತಾಗಿದ್ದರೆ ನಿಮ್ಮನ್ನು ಎರಡು ದಿನ ಬೈದು ನಾನು ಅವನ ಹೆಂಡತಿಯಾಗಿ ಉಳಿಯುತ್ತಿದ್ದೆ. ನೀವಿಬ್ಬರೂ ಸೇರಿ ನನ್ನನ್ನು ಅವನ ಕಾವಲುಗಾರ್ತಿ ಮಾಡಿದಿರಿ. ಅವನಾದರೂ ಅದನ್ನು ಗ್ರೀಸಿನಲ್ಲಿ ಮುಳುಗಿಸಿ ಕಾಪಾಡಿದ್ದು ಯಾರು ನೋಡಲಿ ಎಂದು? ನಾನು ನೋಡಲಿ ಎಂದಾದರೆ ಬದುಕಿದ್ದಾಗ ಬಾಯಿ ಬಿಡಲು ಅವನಿಗೇನು ಧಾಡಿಯಾಗಿತ್ತು?

ಕ್ರಿಸ್‌ಮಸ್ ಹಿಂದಿನ ಸಂಜೆ ನಮ್ಮ ಸ್ಲೊವಾಕ್ ಮನೆಗಳಲ್ಲಿ ಎಲ್ಲರೂ ಕೂತು ಉಣ್ಣುವುದು ನಿಮಗೆ ಗೊತ್ತು. ಸತ್ತವರಿಗೂ ಒಂದು ತಟ್ಟೆ ಇಡುತ್ತೇವೆ. ಈ ಸಲ ಮೈರನ್‌ನ ತಟ್ಟೆ ಇಟ್ಟೆವು. ಪ್ರತಿ ವರ್ಷ ಅದೇ ಮೇಜಿನಲ್ಲಿ ಅವನ ಕೈಗೆ ಜೇನು ಕೊಡುವಾಗ, "ಅಳತೆ ನೋಡ್ಕೊಂಡ್ ಹಾಕ್ಕೋ, ನಿಂಗೆ ಎರಡೆರಡು ಸಲ ಸುರಿಯೋ ಚಾಳಿ" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಅವನೂ. ಅದೇ ಮೇಜಿನಲ್ಲಿ ಅವನ ಮಾನ ಹೋಗಿದ್ದು, ಅಲ್ಲೇ ವಾಪಸ್ ಬರಲಿ ಎಂದು ನಿಮ್ಮ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ.

ಮಗಳು ಮಾರ್ಲೀನ್ ಅತ್ತಳು. ಅಳಿಯ ಅಣಬೆ ಸಾರಿನ ಬಟ್ಟಲನ್ನೇ ನೋಡುತ್ತ ಕೂತ. ಮೊಮ್ಮಗಳು ಟೆಸ್‌ಗೆ ಈಗ ಹತ್ತೊಂಬತ್ತು ವರ್ಷ. ಅವಳು ಅಳಲಿಲ್ಲ.

"ಅಜ್ಜಿ, ಅಜ್ಜ ನನ್ನನ್ನ ಯಾವತ್ತೂ ಎತ್ಕೊಂಡಿಲ್ಲ. ಒಂದಿನಾನೂ ಎಲ್ಲಿಗೂ ಕರ್ಕೊಂಡ್ ಹೋಗ್ಲಿಲ್ಲ. ಅವ್ರಿಗೆ ನಾನಂದ್ರೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ" ಎಂದಳು.

ಅಂಥ ಅಜಾಗರೂಕನ ಕೈಗೆ ಮಗು ಕೊಡಬೇಡಿ ಎಂದವಳು ನಾನು. ಅವಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಅವನು ಎರಡೂ ಕೈ ಚಾಚಿದ್ದ. ನಾನು ಮಧ್ಯೆ ನಿಂತೆ. ಅವನು ಕೈ ಇಳಿಸಿ ಜೇಬಿನಲ್ಲಿಟ್ಟುಕೊಂಡ. ಆಗಲೂ ಒಂದು ಮಾತು ಹೇಳಲಿಲ್ಲ. ಇದನ್ನು ಟೆಸ್‌ಗೆ ಹೇಳಿದೆ. ಹೇಳದೆ ಇರಬಹುದಿತ್ತು, ಆದರೆ ಹೇಳದೆ ಇದ್ದವರನ್ನು ನೋಡಿ ನನಗೆ ಸಾಕಾಗಿತ್ತು.

ಅವಳು ಎದ್ದು ತನ್ನ ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಬಾಗಿಲು ಹಾಕಿಕೊಂಡು ಒಬ್ಬಳೇ ಉಂಡಳು. ಮೂರು ದಿನವಾಯಿತು, ನನ್ನ ಜೊತೆ ಮಾತಾಡಿಲ್ಲ.

ಇನ್ನು ನನಗೆ ಕಾಗದ ಬರೆಯಬೇಡಿ.

ವರ್ನಾ ಹುಡಾಕ್